ವ್ಯವಹಾರ ನಿರ್ವಹಣೆಯ ಪದವಿ ಮತ್ತು ಕನ್ನಡ ಪರಿಭಾಷೆ: ಹೈದರಾಬಾದಿನ ನೆಲೆಯಿಂದ

ರಾಯಚೂರು, ಯಾದಗಿರಿ, ನಾರಾಯಣಪೇಟೆ, ಕೊಡಂಗಲ್‌ಗಳ ಕಡೆಯಿಂದ ಪದವಿ ವ್ಯಾಸಂಗಕ್ಕಾಗಿ ಹೈದರಾಬಾದಿಗೆ ಬರುವ ಕನ್ನಡ ವಿದ್ಯಾರ್ಥಿಯ ಮುಂದೆ ಇಂದು ಬಿ.ಕಾಂ. ಪದವಿಯ ಪಕ್ಕದಲ್ಲೇ ಬಿ.ಬಿ.ಎ. ಪದವಿಯೂ ನಿಂತಿದೆ. ಎರಡೂ ಒಂದೇ ಎಂಬ ಭಾವನೆ ಮನೆಯವರಲ್ಲಿ ಸಾಮಾನ್ಯ. ವಸ್ತುತಃ ಇವುಗಳ ದೃಷ್ಟಿಯೇ ಬೇರೆ. ವಾಣಿಜ್ಯಶಾಸ್ತ್ರವು ಲೆಕ್ಕ, ಕಾನೂನು, ತೆರಿಗೆ, ಬ್ಯಾಂಕಿಂಗ್‌ಗಳನ್ನು ಪ್ರಧಾನವಾಗಿ ಬೋಧಿಸುತ್ತದೆ. ಆದುದನ್ನು ದಾಖಲಿಸುವುದು ಅದರ ಮುಖ್ಯ ಶಿಸ್ತು. ವ್ಯವಹಾರ ನಿರ್ವಹಣೆಯಾದರೋ ಸಂಸ್ಥೆಯನ್ನು ಇಡಿಯಾಗಿ ನೋಡಿ, ಆಗಬೇಕಾದುದನ್ನು ಕುರಿತು ನಿರ್ಧರಿಸುವ ಬಗೆಯನ್ನು ಕಲಿಸಲು ಹೊರಡುತ್ತದೆ. ಹದಿನೆಂಟು ವರ್ಷದ ವಿದ್ಯಾರ್ಥಿಗೆ, ಇನ್ನೂ ಒಂದು ಅಂಗಡಿಯ ಗಲ್ಲೆಯ ಮೇಲೂ ಕುಳಿತಿರದವನಿಗೆ, ಇದನ್ನು ಕಲಿಸಲು ಸಾಧ್ಯವೇ ಎಂಬ ಸಂಶಯ ಹಳೆಯದು.

ಈ ಸಂಶಯಕ್ಕೆ ಹೈದರಾಬಾದಿನ ಚರಿತ್ರೆಯೂ ಒಂದಿಷ್ಟು ಪುಷ್ಟಿ ಕೊಡುತ್ತದೆ. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ 1881ರಲ್ಲಿ ಸ್ಥಾಪಿತವಾದ ವಾರ್ಟನ್ ಶಾಲೆ ಪದವಿಪೂರ್ವ ಅನುಭವವಿಲ್ಲದ ತರುಣರಿಗಾಗಿಯೇ ಹುಟ್ಟಿತು. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜು 1913ರಲ್ಲಿ ವಾಣಿಜ್ಯ ಶಿಕ್ಷಣವನ್ನು ಆರಂಭಿಸಿತು. ಹೈದರಾಬಾದಿನಲ್ಲಿ ಕ್ರಮ ತಿರುವುಮುರುವು. 1956ರಲ್ಲಿ ಸ್ಥಾಪನೆಗೊಂಡು ಬೆಲ್ಲಾ ವಿಸ್ಟಾ ಅರಮನೆಯಲ್ಲಿ ನೆಲೆಸಿದ ಆಡಳಿತ ಸಿಬ್ಬಂದಿ ಕಾಲೇಜು ಈಗಾಗಲೇ ಅಧಿಕಾರದಲ್ಲಿದ್ದವರಿಗೆ ಪಾಠ ಹೇಳಿತು. ಪದವಿ ತರಗತಿಗೆ ಈ ವಿದ್ಯೆ ಇಳಿದುಬಂದದ್ದು ಬಹಳ ತಡವಾಗಿ. 2024–25ರ ಶೈಕ್ಷಣಿಕ ವರ್ಷದಿಂದ ಬಿ.ಬಿ.ಎ. ಪದವಿಯು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ವ್ಯಾಪ್ತಿಗೆ ಬಂದ ಮೇಲೆ ಅದಕ್ಕೆ ವೃತ್ತಿಶಿಕ್ಷಣದ ಅಧಿಕೃತ ಮುದ್ರೆಯೂ ಬಿದ್ದಿತು.

ಪಠ್ಯದ ಬೋಧನೆ ಇಂಗ್ಲಿಷಿನಲ್ಲಿ. ಕನ್ನಡದ ಅಭ್ಯಾಸಿಗಳು ಗಮನಿಸಬೇಕಾದ ಸಂಗತಿ ಇರುವುದು ಇಲ್ಲಿಯೇ. ಲೆಕ್ಕಶಾಸ್ತ್ರದ ಮಟ್ಟಿಗೆ ಕನ್ನಡಕ್ಕೆ ಬಡತನವಿಲ್ಲ. ಜಮಾ, ಖರ್ಚು, ಬಾಕಿ, ಅಸಲು, ರೋಕಡ, ಕಿರ್ದಿ, ಉದ್ರಿ, ಹುಂಡಿ, ಗುಮಾಸ್ತ, ಅಡತಿ—ಪಾರಸಿ, ಉರ್ದು, ಮರಾಠಿಗಳ ದಾರಿಯಿಂದ ಬಂದ ಈ ಪದಗಳು ರಾಯಚೂರಿನ ಹತ್ತಿಯ ಪೇಟೆಯಲ್ಲೂ ಕಲಬುರಗಿಯ ತೊಗರಿಯ ಪೇಟೆಯಲ್ಲೂ ಅಚ್ಚಗನ್ನಡವೇ ಆಗಿಹೋಗಿವೆ. ಕನ್ನಡ ಮಾಧ್ಯಮದ ವಾಣಿಜ್ಯ ಪಠ್ಯಗಳು ಕಂಡುಕೊಂಡ ‘ಸವಕಳಿ’, ‘ತಾಳೆಪಟ್ಟಿ’, ‘ಅಢಾವೆ ಪತ್ರಿಕೆ’ಗಳಂತೂ ಸಾರ್ಥಕ ಪ್ರಯೋಗಗಳು. ಯಂತ್ರದ ಬೆಲೆ ವರ್ಷವರ್ಷಕ್ಕೂ ಇಳಿಯುವುದನ್ನು, ತುಳಿದ ಮೆಟ್ಟಿಲು ಸವೆಯುವುದರೊಡನೆ ಸೇರಿಸಿದ ‘ಸವಕಳಿ’ ಎಂಬ ಪದವೇ ಅರ್ಧ ಪಾಠವನ್ನು ಹೇಳಿಬಿಡುತ್ತದೆ.

ನಿರ್ವಹಣಾಶಾಸ್ತ್ರಕ್ಕೆ ಬಂದಾಗ ಈ ಸೌಲಭ್ಯ ತಪ್ಪುತ್ತದೆ. ‘ಮಾರ್ಕೆಟಿಂಗ್’ ಎಂಬುದನ್ನು ‘ಮಾರಾಟ’ ಎಂದರೆ ವಿಷಯವೇ ಕೆಟ್ಟಿತು. ಮಾರಾಟವು ಸರಕು ಸಿದ್ಧವಾದ ಮೇಲೆ ತೊಡಗುವಂಥದು, ಅದಾದರೋ ಕೊಳ್ಳುವವನಿಗೆ ಏನು ಬೇಕೆಂದು ಅರಿಯುವಲ್ಲಿಂದ, ಸರಕು ಹುಟ್ಟುವ ಮೊದಲೇ ತೊಡಗುತ್ತದೆ. ‘ಮಾರುಕಟ್ಟೆ ನಿರ್ವಹಣೆ’ ಎಂದರೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಪ್ರಾಂಗಣವನ್ನು ಗುಡಿಸಿ ಕಾಯುವ ಕೆಲಸವೆಂಬ ಅರ್ಥ ಬಂದೀತು. ಇನ್ನೂ ಸ್ವಾರಸ್ಯದ ಉದಾಹರಣೆ ‘ಕಂಟ್ರೋಲ್’. ಫ್ರೆಂಚ್ ಗಣಿ ಎಂಜಿನಿಯರ್ ಆನ್ರಿ ಫಯೋಲ್ 1916ರಲ್ಲಿ ಪ್ರಕಟಿಸಿದ ಬರಹದಲ್ಲಿ ಆಡಳಿತದ ಐದು ಅಂಗಗಳನ್ನು ಗುರುತಿಸಿದನು. ಮುನ್ನೋಟ, ಸಂಘಟನೆ, ಆಜ್ಞೆ, ಸಮನ್ವಯಗಳ ಬಳಿಕ ಐದನೆಯದು ಇದು. ಕನ್ನಡದಲ್ಲಿ ಇದು ‘ನಿಯಂತ್ರಣ’ವಾಗಿ ನೆಲೆಗೊಂಡಿದೆ. ಆದರೆ ಫ್ರೆಂಚಿನಲ್ಲಿ ಆ ಪದದ ಅರ್ಥ ಪರಿಶೀಲನೆ. ಅದರ ಮೂಲವೋ, ಮೊದಲ ಪಟ್ಟಿಗೆ ಎದುರಾಗಿ ಇಟ್ಟುಕೊಂಡು ಹೋಲಿಸುವ ಎರಡನೆಯ ಪಟ್ಟಿ. ಅಂದುಕೊಂಡದ್ದನ್ನು ಆದದ್ದರೊಡನೆ ಹೋಲಿಸಿ ವ್ಯತ್ಯಾಸವನ್ನು ತಿದ್ದುವುದೇ ಫಯೋಲನ ಆಶಯ. ಇದಕ್ಕೆ ಕನ್ನಡದ ಯಾವ ಕಿರಾಣಿ ವ್ಯಾಪಾರಿಯೂ ಬಳಸುವ ಮಾತು ‘ತಾಳೆ ನೋಡುವುದು’. ‘ನಿಯಂತ್ರಣ’ವನ್ನು ಓದಿದ ವಿದ್ಯಾರ್ಥಿ ಕಡಿವಾಣವನ್ನು ಕಲ್ಪಿಸಿಕೊಳ್ಳುತ್ತಾನೆ, ‘ತಾಳೆ’ಯನ್ನು ಓದಿದವನು ಶಾಸ್ತ್ರದ ಒಳಹೊಕ್ಕಿರುತ್ತಾನೆ. ಪಾರಿಭಾಷಿಕ ಪದಕೋಶಗಳು ಸಂಸ್ಕೃತದ ಕಪಾಟಿನತ್ತ ಕೈಚಾಚುವ ಮೊದಲು ಪೇಟೆಬೀದಿಯಲ್ಲಿ ಒಮ್ಮೆ ಅಡ್ಡಾಡಿ ಬರಬಾರದೇ?

ಪೇಟೆಯ ವಿವೇಕವನ್ನು ಶಾಸ್ತ್ರವಾಗಿಸಿದ ಪರಂಪರೆ ಈ ನಾಡಿಗೆ ಹೊಸದೂ ಅಲ್ಲ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, 1956ರವರೆಗೆ ಹೈದರಾಬಾದ್ ಸಂಸ್ಥಾನದ ಗುಲಬರ್ಗಾ ಜಿಲ್ಲೆಯಲ್ಲಿದ್ದ ಊರು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು 9ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದ ಮಿಶ್ರಕ ವ್ಯವಹಾರದಲ್ಲಿ ಬಡ್ಡಿಯ ಲೆಕ್ಕಗಳೂ ಪ್ರಮಾಣಾನುಸಾರ ಹಂಚಿಕೆಯ ಲೆಕ್ಕಗಳೂ ಇವೆ. ‘ಬಡ್ಡಿ’ಯು ‘ವೃದ್ಧಿ’ಯ ತದ್ಭವವೆಂಬುದನ್ನು ಇಲ್ಲಿ ನೆನೆಯಬಹುದು. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದನು. ಅಯ್ಯಾವೊಳೆಯ ಐನೂರ್ವರ ಶಾಸನಗಳೋ, ದೇಶದೇಶಗಳನ್ನು ಸುತ್ತಿದ ವರ್ತಕರು ತಮ್ಮ ಸಂಘವನ್ನೂ ಅದರ ಕಟ್ಟುಪಾಡನ್ನೂ ‘ಬಣಂಜುಧರ್ಮ’ವೆಂದು ಕರೆದುಕೊಂಡುದನ್ನು ತಿಳಿಸುತ್ತವೆ. ಇವು ಬಿ.ಬಿ.ಎ. ಪಠ್ಯಕ್ಕೆ ಬದಲಿಯಲ್ಲ, ಐನೂರ್ವರಲ್ಲಿ ಫಯೋಲನನ್ನು ಹುಡುಕುವುದು ಹುಸಿ ಅಭಿಮಾನವಾದೀತು. ಆದರೆ ಪದಸಂಪತ್ತಿಗೆ ಇವು ಆಕರಗಳೆಂಬುದು ನಿರ್ವಿವಾದ.

ಆಧುನಿಕ ವಿದ್ಯೆಯನ್ನು ದೇಶಭಾಷೆಯಲ್ಲಿ ಕಲಿಸುವ ಸಾಹಸವನ್ನು ಹೈದರಾಬಾದು ಒಮ್ಮೆ ಮಾಡಿ ನೋಡಿದೆ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯ ವಿಶ್ವವಿದ್ಯಾನಿಲಯವು ಉರ್ದುವನ್ನು ಬೋಧನ ಮಾಧ್ಯಮವನ್ನಾಗಿ ಇಟ್ಟುಕೊಂಡು, ಅದಕ್ಕೆ ಮುಂಚೆಯೇ ತೊಡಗಿದ್ದ ಅನುವಾದ ಸಂಸ್ಥೆ ‘ದಾರುಲ್ ತರ್ಜುಮಾ’ದ ಮೂಲಕ ವೈದ್ಯ, ಎಂಜಿನಿಯರಿಂಗ್, ವಿಜ್ಞಾನಗಳಿಗೂ ಪಠ್ಯ ಮತ್ತು ಪರಿಭಾಷೆಗಳನ್ನು ಸಿದ್ಧಪಡಿಸಿತು. 1948ರ ಬಳಿಕ ಆ ಪ್ರಯೋಗ ನಿಂತಿತು. ಸಂಸ್ಥಾನದ ಬಹುಸಂಖ್ಯಾತರ ಮಾತು ತೆಲುಗು, ಮರಾಠಿ, ಕನ್ನಡಗಳಾಗಿದ್ದುದರಿಂದ ಕನ್ನಡಿಗನಿಗೆ ಅಂದೂ ಓದು ಪರಭಾಷೆಯಲ್ಲೇ ಇತ್ತು. ಆದರೆ ಪಾಠಕ್ಕೆ ಮೊದಲು ಪದ, ಪದಕ್ಕೆ ಮೊದಲು ಅನುವಾದಕರ ತಂಡ ಎಂಬ ಅದರ ಕ್ರಮದಲ್ಲಿ ದೋಷವಿರಲಿಲ್ಲ.

ಇಂದಿನ ಪದವಿ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಉಳಿದಿರುವುದು ದ್ವಿತೀಯ ಭಾಷೆಯ ಪೀಠ. ಕನ್ನಡದ ತರಗತಿಯಲ್ಲಿ ಕವಿತೆ, ಕತೆ. ಪಕ್ಕದ ಕೊಠಡಿಯಲ್ಲಿ ಇಂಗ್ಲಿಷಿನ ನಿರ್ವಹಣಾತತ್ತ್ವ. ಎರಡೂ ಕೊಠಡಿಗಳಲ್ಲಿ ಕೂರುವ ವಿದ್ಯಾರ್ಥಿ ಒಬ್ಬನೇ. ಅವನ ಕನ್ನಡ ಪಠ್ಯದಲ್ಲಿ ಕವಿತೆಯ ಜೊತೆಗೆ ಅಯ್ಯಾವೊಳೆಯ ಒಂದು ಶಾಸನಭಾಗ, ರಾಜಾದಿತ್ಯನ ಒಂದು ಲೆಕ್ಕ, ಹತ್ತಿ ಪೇಟೆಯ ಐವತ್ತು ಮಾತುಗಳ ಒಂದು ಪಟ್ಟಿ ಸೇರಿದರೆ ಎಂಟು ಹತ್ತು ಪುಟಗಳು ಹೆಚ್ಚಾದಾವು. ಪಟ್ಟಿಯನ್ನು ವಿದ್ಯಾರ್ಥಿಗಳೇ ರಜೆಗೆ ಊರಿಗೆ ಹೋದಾಗ ತರಬಲ್ಲರು. ಅಡತಿ ಅಂಗಡಿಯ ಹಳೆಯ ಗುಮಾಸ್ತರು ಇನ್ನೂ ಅಲ್ಲಲ್ಲಿ ಸಿಗುತ್ತಾರೆ.