ಕೈಚೀಲವೂ ಒಂದು ಆಸ್ತಿಯೆ?

ಮನೆಗೆ ಬೇಕಾದ ಯಾವ ವಸ್ತುವನ್ನು ಕೊಳ್ಳುವಾಗಲೂ ‘ಇದು ಎಷ್ಟು ದಿನ ಬಾಳೀತು?’ ಎಂದು ಕೇಳುವುದು ನಮ್ಮ ಹಿರಿಯರ ಪದ್ಧತಿಯಾಗಿತ್ತು. ಈಗ ಅದರೊಡನೆ ಇನ್ನೊಂದು ಪ್ರಶ್ನೆಯೂ ಕೇಳಿಬರುತ್ತಿದೆ: ‘ಇದನ್ನು ತಿರುಗಿ ಮಾರಿದರೆ ಎಷ್ಟು ಬಂದೀತು?’ ಹೊಲ, ಮನೆ, ಬಂಗಾರ, ಮೋಟಾರು ಗಾಡಿಗಳ ವಿಷಯದಲ್ಲಿ ಈ ಪ್ರಶ್ನೆ ಹೊಸದೇನೂ ಅಲ್ಲ. ಹೆಣ್ಣುಮಕ್ಕಳು ಹೆಗಲಿಗೆ ತೂಗುಹಾಕಿಕೊಳ್ಳುವ ಕೈಚೀಲದ ವಿಷಯದಲ್ಲಿಯೂ ಅದು ಕೇಳಿಬರುತ್ತಿರುವುದು ಮಾತ್ರ ಹೊಸದು.

ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಕೆಲಸಕ್ಕಿರುವ ಮಗಳು ರಜೆಗೆಂದು ಊರಿಗೆ ಬರುತ್ತಾಳೆ. ಅವಳ ಹೆಗಲ ಮೇಲಿನ ಚೀಲಕ್ಕೆ ಒಂದು ಲಕ್ಷ ರೂಪಾಯಿ ಬಿದ್ದಿದೆಯೆಂದು ತಿಳಿದೊಡನೆ ತಾಯಿ ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಾಳೆ. ‘ಯವ್ವಾ, ಇದು ಖರ್ಚಲ್ಲ, ಇನ್‌ವೆಸ್ಟ್‌ಮೆಂಟ್. ಬ್ಯಾಡಾದಾಗ ಮಾರಿದ್ರ ರೊಕ್ಕ ತಿರುಗಿ ಬರತೈತಿ’ ಎಂದು ಮಗಳ ಸಮಾಧಾನ. ‘ಹಂಗಾದ್ರ ನೀ ಇದನ್ನ ಹಿಡಕೊಳ್ಳಾಕ ತಗೊಂಡೀಯೋ, ಮಾರಾಕ ತಗೊಂಡೀಯೋ?’ ಎಂದು ತಾಯಿಯ ಪ್ರಶ್ನೆ. ಇಂತಹ ಸಂಭಾಷಣೆ ಇಂದು ಎಷ್ಟು ಮನೆಗಳಲ್ಲಿ ನಡೆಯುತ್ತಿಲ್ಲ! ಇಬ್ಬರ ಮಾತಿನಲ್ಲಿಯೂ ತಥ್ಯವಿದೆ. ಅದು ಎಷ್ಟರಮಟ್ಟಿಗೆ ಎಂಬುದನ್ನು ಶಾಂತಚಿತ್ತದಿಂದ ವಿಚಾರಿಸಬೇಕಾಗಿದೆ.

ಹಲ್ಲು ನೋಡುವ ಜಾಣತನ

ತಿರುಗಿ ಮಾರುವ ಬೆಲೆಯನ್ನು ಲೆಕ್ಕಿಸುವುದು ಪಟ್ಟಣದ ಹೊಸ ವಿದ್ಯೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಕಾಗವಾಡ ತಾಲೂಕಿನ ಶಿರಗುಪ್ಪಿಯಂತಹ ಗಡಿಯ ಊರಿನಲ್ಲಿ, ಕೃಷ್ಣೆಯ ನೀರುಂಡು ಬೆಳೆಯುವ ಕಬ್ಬಿನ ಸೀಮೆಯಲ್ಲಿ, ಇದು ರೈತನಿಗೆ ಹುಟ್ಟಿನಿಂದ ಬಂದ ತಿಳಿವಳಿಕೆ. ಖಿಲಾರಿ ಎತ್ತಿನ ಜೋಡಿಯನ್ನು ಕೊಳ್ಳುವವನು ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಎಳೆಯ ಹೋರಿಗಳನ್ನು ತಂದು, ನೊಗಕ್ಕೆ ಪಳಗಿಸಿ, ಕೆಲವು ವರ್ಷ ದುಡಿಸಿಕೊಂಡು, ವಯಸ್ಸು ಮೀರುವ ಮೊದಲೇ ಸಂತೆಗೆ ಹೊಡೆದುಕೊಂಡು ಹೋದರೆ ಹಾಕಿದ ಹಣಕ್ಕೆ ಮೋಸವಿಲ್ಲ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಪಳಗಿದ ಎತ್ತಿಗೆ ಪಳಗದ ಹೋರಿಗಿಂತ ಬೆಲೆ ಹೆಚ್ಚು. ದುಡಿಸಿದ್ದರಿಂದಲೇ ಅದರ ಯೋಗ್ಯತೆ ಏರುತ್ತದೆ.

ಬಂಗಾರದ ಲೆಕ್ಕ ಬೇರೆ. ಪಾಟಲಿ, ಬೋರಮಾಳಗಳು ಮೈಮೇಲಿನ ಅಲಂಕಾರವೂ ಹೌದು, ಆಪತ್ಕಾಲದ ಗಂಟೂ ಹೌದು. ಮಗನ ಕಾಲೇಜಿನ ಶುಲ್ಕ, ಬಾವಿಯ ಪಂಪು, ದವಾಖಾನೆಯ ಬಿಲ್ಲು — ಯಾವ ಗಳಿಗೆಯಲ್ಲಿ ಒಯ್ದರೂ ಪತ್ತಾರನು ತಕ್ಕಡಿ ಹಿಡಿಯುತ್ತಾನೆ. ಹತ್ತು ಊರು ತಿರುಗಬೇಕಾಗಿಲ್ಲ. ದಿನದ ದರ ಎಲ್ಲರಿಗೂ ಗೊತ್ತು. ಆದರೆ ಆ ತಕ್ಕಡಿಯ ನ್ಯಾಯವೂ ಪೂರ್ಣವಲ್ಲ. ಕೊಳ್ಳುವಾಗ ಬಂಗಾರದ ಬೆಲೆಯ ಮೇಲೆ ಮಜೂರಿಯನ್ನು ಕೊಟ್ಟಿರುತ್ತೇವೆ. ಮಾರುವಾಗ ಆ ಮಜೂರಿಯ ಮಾತೇ ಇಲ್ಲ. ಹರಳಿದ್ದರೆ ಅದರ ತೂಕವನ್ನೂ ಕಳೆಯುತ್ತಾರೆ. ದೀಪದ ಬೆಳಕಿನಲ್ಲಿ ಕಣ್ಣು ಕಿರಿದುಮಾಡಿಕೊಂಡು ಮಾಡಿದ ಆ ಕುಸುರಿನ ಕೆಲಸಕ್ಕೆ ಎರಡನೆಯ ಸಲ ಬೆಲೆಯೇ ಹುಟ್ಟುವುದಿಲ್ಲ. ಲೋಹ ಉಳಿಯುತ್ತದೆ, ಕೈ ಅಳಿಯುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಕೈಚೀಲದ ವಿಚಾರದಲ್ಲಿ ಅದು ಮತ್ತೆ ಬರಲಿದೆ.

ಪ್ಯಾರಿಸಿನ ಒಂದು ಹಳೆಯ ಚೀಲ

ಕೈಚೀಲವು ಆಸ್ತಿಯೆಂಬ ನಂಬಿಕೆ ಎಲ್ಲಿಂದ ಬಂತು? ಅದರ ಮೂಲದಲ್ಲಿ ಮುಖ್ಯವಾಗಿ ಪ್ಯಾರಿಸಿನ ಎರ್ಮೆಸ್ ಎಂಬ ಮನೆತನದ ಅಂಗಡಿಯಿದೆ. ೧೮೩೭ರಲ್ಲಿ ಅದು ಆರಂಭವಾದದ್ದು ಕುದುರೆಯ ಸರಂಜಾಮುಗಳನ್ನು ಹೊಲಿಯುವ ಕಾರ್ಖಾನೆಯಾಗಿ. ಜೀನು ಹೊಲಿಯುವ ಆ ವಿಧಾನವನ್ನೇ — ಒಂದೇ ದಾರದ ಎರಡು ತುದಿಗಳಿಗೆ ಎರಡು ಸೂಜಿ ಪೋಣಿಸಿ, ಒಂದೇ ರಂಧ್ರದಲ್ಲಿ ಇತ್ತಿಂದತ್ತ ಅತ್ತಿಂದಿತ್ತ ಹಾಯಿಸುವುದನ್ನು — ಆಮೇಲೆ ಚೀಲಗಳಿಗೂ ಬಳಸಿದರು.

೧೯೮೪ರಲ್ಲಿ ಆ ಸಂಸ್ಥೆಯ ಮುಖ್ಯಸ್ಥ ಜಾನ್-ಲೂಯಿ ದ್ಯೂಮಾ ಮತ್ತು ನಟಿ-ಗಾಯಕಿ ಜೇನ್ ಬರ್ಕಿನ್ ವಿಮಾನದಲ್ಲಿ ಅಕ್ಕಪಕ್ಕ ಕುಳಿತಿದ್ದರು. ಮಕ್ಕಳೊಂದಿಗನಾದ ತನ್ನಂತಹ ತಾಯಿಗೆ ಬೇಕಾದ್ದನ್ನೆಲ್ಲ ತುಂಬಿಕೊಳ್ಳಲು ಅನುಕೂಲವಾದ ಚೀಲವೇ ಸಿಗುವುದಿಲ್ಲವೆಂದು ಆಕೆ ದೂರಿದಳು. ದ್ಯೂಮಾ ಅಲ್ಲಿಯೇ ಒಂದು ನಕ್ಷೆ ಗೀಚಿದ. ಆ ನಕ್ಷೆಯಿಂದ ಹುಟ್ಟಿದ ಮೊದಲ ಚೀಲ ಮರುವರ್ಷ ಆಕೆಯ ಕೈ ಸೇರಿತು; ಚೀಲಕ್ಕೆ ಆಕೆಯ ಹೆಸರೇ ನಿಂತಿತು. ಆಕೆ ಅದನ್ನು ಕಪಾಟಿನಲ್ಲಿಡಲಿಲ್ಲ. ಸುಮಾರು ೯ ವರ್ಷ ಎಲ್ಲೆಂದರಲ್ಲಿ ಒಯ್ದಳು, ಮೇಲೆ ಚೀಟಿಗಳನ್ನು ಅಂಟಿಸಿದಳು, ಉಗುರು ಕತ್ತರಿಸುವ ಸಾಧನವನ್ನು ಅದಕ್ಕೆ ತೂಗುಹಾಕಿದಳು. ೧೯೯೪ರಲ್ಲಿ ಏಡ್ಸ್ ರೋಗಿಗಳ ನೆರವಿಗಾಗಿ ಅದನ್ನು ಹರಾಜಿಗೆ ಕೊಟ್ಟುಬಿಟ್ಟಳು. ಕಲೆ, ಗೀರು, ಅಂಟಿನ ಗುರುತುಗಳಿದ್ದ ಅದೇ ಚೀಲ ೨೦೨೫ರ ಜುಲೈ ೧೦ರಂದು ಪ್ಯಾರಿಸಿನ ಸೋದೆಬೀಸ್ ಹರಾಜಿನಲ್ಲಿ ೮೬ ಲಕ್ಷ ಯೂರೊಗಳಿಗೆ, ಎಂದರೆ ಸುಮಾರು ೮೬ ಕೋಟಿ ರೂಪಾಯಿಗಳಿಗೆ ಹೋಯಿತು. ಅಲ್ಲಿಯವರೆಗೆ ಯಾವ ಕೈಚೀಲವೂ ಹರಾಜಿನಲ್ಲಿ ಅಷ್ಟು ಬೆಲೆ ಕಂಡಿರಲಿಲ್ಲ.

ಎಂತಹ ವಿನೋದ! ಅತ್ಯಂತ ಹೆಚ್ಚು ಬೆಲೆ ತಂದ ಚೀಲವು, ಮಾರುವ ಬೆಲೆಯನ್ನು ಕಿಂಚಿತ್ತೂ ಲೆಕ್ಕಿಸದೆ ಬಳಸಿದವಳದು. ಆದರೆ ಇದನ್ನು ಕೇಳಿ, ‘ನಾನೂ ಬಳಸಿ ಮಾರುತ್ತೇನೆ’ ಎಂದು ಹೊರಟವರಿಗೆ ನಿರಾಶೆಯೇ ಗತಿ. ಅಲ್ಲಿ ಮಾರಾಟವಾದದ್ದು ಬರಿಯ ತೊಗಲಲ್ಲ, ಒಂದು ಹೆಸರು. ನಮ್ಮ ನಿಮ್ಮ ಗೀರುಗಳಿಗೆ ಯಾರೂ ಹಣ ಕೊಡುವುದಿಲ್ಲ. ಹಣ ಕಡಿಮೆ ಮಾಡುತ್ತಾರೆ.

ಲಕ್ಷದ ಚೀಲದ ಲೆಕ್ಕ

ಹೆಸರಾಂತ ಚೀಲಗಳೆಲ್ಲವೂ ಬೆಲೆ ಉಳಿಸಿಕೊಳ್ಳುತ್ತವೆಂಬುದು ಭ್ರಮೆ. ತಯಾರಕರೇ ಕಡಿಮೆ ಸಂಖ್ಯೆಯಲ್ಲಿ ಮಾಡಿ, ಕೇಳಿದವರಿಗೆಲ್ಲ ಕೊಡದೆ ಕಾಯಿಸುವ ಕೆಲವೇ ಕೆಲವು ಚೀಲಗಳಿಗೆ ಆ ಭಾಗ್ಯ. ಉಳಿದವು ಅಂಗಡಿಯ ಹೊಸ್ತಿಲು ದಾಟಿದ ಕೂಡಲೇ ಹಳೆಯವಾಗುತ್ತವೆ. ಮೇಲಾಗಿ ಮಾರುವವಳು ರಸೀದಿ, ಪೆಟ್ಟಿಗೆ, ಒಳಗಿನ ಬಟ್ಟೆಯ ಚೀಲ ಎಲ್ಲವನ್ನೂ ಜೋಪಾನವಾಗಿಟ್ಟಿರಬೇಕು. ಹೆಸರಿಗೇ ಬೆಲೆಯಿರುವಲ್ಲಿ ಹೆಸರಿನ ಕಳ್ಳತನವೂ ಹೇರಳವಾದ್ದರಿಂದ, ಇದು ನಕಲಿಯಲ್ಲವೆಂದು ರುಜುವಾತು ಮಾಡಬೇಕು. ಮಳೆಗಾಲದಲ್ಲಿ ಕಪಾಟಿನೊಳಗೆ ಬೂಷ್ಟು ಹಿಡಿದರಂತೂ ಮಾತೇ ಇಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಲಕ್ಷದ ಚೀಲವನ್ನು ಮೂರು ವರ್ಷದ ಮೇಲೆ ಒಬ್ಬರು ೬೦,೦೦೦ ರೂಪಾಯಿಗೆ ಕೊಂಡರೆಂದು ಇಟ್ಟುಕೊಳ್ಳಿ. ನಡುವಿನ ವ್ಯಾಪಾರಿ ನೂರಕ್ಕೆ ೨೦ರಂತೆ ೧೨,೦೦೦ ಹಿಡಿದರೆ ಕೈಗೆ ಬಂದದ್ದು ೪೮,೦೦೦. ಹೋದದ್ದು ೫೨,೦೦೦. ಇದನ್ನು ಮೂರು ವರ್ಷದ ಬಾಡಿಗೆಯೆಂದೇ ತಿಳಿಯಬೇಕು. ದಿನಂಪ್ರತಿ ಹಿಡಿದುಕೊಂಡರೆ ದಿನಕ್ಕೆ ೪೭ ರೂಪಾಯಿಯ ಮೇಲೆ ಚಿಲ್ಲರೆ. ಕೆಟ್ಟೀತೆಂಬ ಭಯದಿಂದ ವರ್ಷಕ್ಕೆ ಎರಡೇ ಮದುವೆಗಳಿಗೆ ಒಯ್ದರೆ, ಒಂದೊಂದು ಮದುವೆಗೂ ೮,೬೬೦ಕ್ಕೂ ಮಿಕ್ಕ ಬಾಡಿಗೆ! ಕಂತಿನ ಸಾಲದಿಂದ ಕೊಂಡಿದ್ದರೆ ಬಡ್ಡಿ ಬೇರೆ.

ಇಲ್ಲಿಯೇ ಈ ವ್ಯವಹಾರದ ತೊಡಕಿದೆ. ದಿನವೂ ಬಳಸಿದರೆ ಬಾಡಿಗೆ ಅಗ್ಗವಾಗುತ್ತದೆ, ಆದರೆ ಮಾರುವ ಬೆಲೆ ಕುಸಿಯುತ್ತದೆ. ಬಳಸದೆ ಇಟ್ಟರೆ ಬೆಲೆ ಉಳಿದೀತು, ಆದರೆ ಇದ್ದೂ ಇಲ್ಲದಂತೆ. ಎತ್ತಿನ ಜೋಡಿ ದುಡಿದಷ್ಟೂ ಪಳಗುತ್ತದೆ; ಈ ಚೀಲ ದುಡಿದಷ್ಟೂ ಅಪರಾಧಿಯಾಗುತ್ತದೆ. ಒಡತಿಯು ವಸ್ತುವಿನ ಯಜಮಾನಿಯಾಗಿ ಉಳಿಯದೆ, ಮುಂದೆ ಬರಲಿರುವ ಯಾವಳೋ ಅಪರಿಚಿತಳಿಗಾಗಿ ಕಾವಲು ಕಾಯುವವಳಾಗುತ್ತಾಳೆ. ಸೊಂಟದ ಎಲೆ-ಅಡಿಕೆಯ ಸಂಚಿಯನ್ನು ಆಯುಷ್ಯವೆಲ್ಲ ಬಳಸಿ ಸವೆಸಿದ ನಮ್ಮ ಅಜ್ಜಿಯರಿಗೆ ಈ ಕಾವಲಿನ ಕಷ್ಟ ಇರಲಿಲ್ಲ.

ಮರುಬೆಲೆ ಇಲ್ಲದ ಕಾಲ್ಮರಿ

ತೊಗಲಿನ ಕೆಲಸದ ಮಾತು ಬಂದಾಗ ಪ್ಯಾರಿಸಿನವರೆಗೆ ಹೋದವರು ನೆರೆಯ ಅಥಣಿಯನ್ನು ಮರೆಯಬಾರದು. ಲೋಕವೆಲ್ಲ ಕೊಲ್ಹಾಪುರಿಯೆಂದು ಕರೆಯುವ ಕಾಲ್ಮರಿ ಕೊಲ್ಹಾಪುರದಲ್ಲಷ್ಟೇ ಅಲ್ಲ, ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಸೀಮೆಯಲ್ಲಿಯೂ ತಯಾರಾಗುತ್ತದೆ. ೨೦೧೯ರ ಜೂನ್ ತಿಂಗಳಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆತ ಸುದ್ದಿ ಹೊರಬಿದ್ದಾಗ, ಅದರಲ್ಲಿ ಎರಡು ರಾಜ್ಯಗಳಿಗೂ ಸಮಪಾಲಿತ್ತು: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಗಡಿಯ ಜಗಳಗಳು ಎಷ್ಟಿದ್ದರೂ ಕಾಲ್ಮರಿಗೆ ಗಡಿಯಿಲ್ಲವೆಂದು ತೀರ್ಮಾನವಾಯಿತು.

ಜಾಲಿಯ ತೊಗಟೆ, ಅಳಲೆಕಾಯಿಗಳ ರಸದಲ್ಲಿ ಹದಮಾಡಿದ ತೊಗಲು. ಅಟ್ಟೆ ಕತ್ತರಿಸಿ ಹೊಲಿಯುವ ಗಂಡಸರು, ಪಟ್ಟಿಗೆ ತೂತಿಟ್ಟು ಜಡೆ ಹೆಣೆಯುವ ಹೆಂಗಸರು. ಮೊಳೆಯ ಬದಲು ತೊಗಲಿನದೇ ದಾರ. ಸಮಗಾರರ ಮನೆಗಳಲ್ಲಿ ಇದು ಇಡೀ ಕುಟುಂಬದ ದುಡಿಮೆ. ಬಸವಣ್ಣನವರು ತನ್ನ ಒಂದು ಶರಣಿಗೆ ಎರಡು ಶರಣೆಂದುದನ್ನು ಋಣವೆಂದು ಬಗೆದು, ದಂಪತಿಗಳಿಬ್ಬರ ತೊಡೆಯ ಚರ್ಮದಿಂದಲೇ ಮೆಟ್ಟು ಮಾಡಿ ತಂದ ಸಮಗಾರ ಹರಳಯ್ಯನ ಕಥೆಯನ್ನು ಕನ್ನಡಿಗರೆಲ್ಲ ಬಲ್ಲರು. ಆ ಮೆಟ್ಟನ್ನು ಕಾಲಿಗೆ ಹಾಕಿಕೊಳ್ಳಲು ತಾನು ಯೋಗ್ಯನಲ್ಲವೆಂದರಂತೆ ಬಸವಣ್ಣನವರು. ತೊಗಲಿನ ಕೆಲಸದ ಹಿಂದಿರುವ ಮನುಷ್ಯನನ್ನು ಕಂಡ ದೃಷ್ಟಿ ಅದು.

೨೦೨೫ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನ್ ನಗರದ ತನ್ನ ಪ್ರದರ್ಶನದಲ್ಲಿ ಇದೇ ಮಾದರಿಯ ಪಾದರಕ್ಷೆಗಳನ್ನು ಮೂಲದ ಉಲ್ಲೇಖವಿಲ್ಲದೆ ತೋರಿಸಿತು. ಪ್ರತಿಭಟನೆಗಳಾದ ಮೇಲೆ ಮೂಲವನ್ನು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯೋಗ ನಿಗಮಗಳೊಡನೆ — ನಮ್ಮ ಕಡೆಯಿಂದ ಲಿಡ್‌ಕರ್ — ಒಪ್ಪಂದ ಮಾಡಿಕೊಂಡು, ಇಲ್ಲಿಯೇ ೨,೦೦೦ ಜೋಡಿ ಮಾಡಿಸಿ, ಜೋಡಿಗೆ ಸುಮಾರು ೮೦೦ ಯೂರೊಗಳಂತೆ ಮಾರುವುದಾಗಿ ಪ್ರಕಟಿಸಿತು. ನಮ್ಮ ಹಣದಲ್ಲಿ ೮೦,೦೦೦ ರೂಪಾಯಿಗೂ ಮೇಲೆ! ನಮ್ಮ ಬಜಾರಿನಲ್ಲಿ ಸಾವಿರದ ಆಸುಪಾಸಿಗೆ ಸಿಗುವ ವಸ್ತುವಿಗೆ ಇಷ್ಟು ಬೆಲೆ ಹೇಗೆ ಬಂತು? ತೊಗಲು, ನಕ್ಷೆಗಳ ವ್ಯತ್ಯಾಸ ಸ್ವಲ್ಪ ಇದ್ದೀತು. ಉಳಿದದ್ದೆಲ್ಲ ಹೆಸರಿನ ಪಾಲು. ನಾಳೆ ಆ ಜೋಡಿ ಎರಡನೆಯವರ ಕೈಗೆ ಮಾರಾಟವಾದರೆ, ಆಗ ಬರುವ ಬೆಲೆಯೂ ಹೆಸರಿನದೇ. ಜಡೆ ಹೆಣೆದವಳಿಗೆ ಆ ಎರಡನೆಯ ಮಾರಾಟದಲ್ಲಿ ಒಂದು ಕವಡೆಯೂ ಇಲ್ಲ.

ಬಂಗಾರವನ್ನು ಮಾರಿದಾಗ ಲೋಹಕ್ಕೆ ಬೆಲೆ. ಚೀಲವನ್ನು ಮಾರಿದಾಗ ಹೆಸರಿಗೆ ಬೆಲೆ. ಎರಡರಲ್ಲಿಯೂ ಲೆಕ್ಕಕ್ಕೆ ಬಾರದೆ ಹೋದದ್ದು ಮಾಡಿದವರ ಕೈ. ಆದಕಾರಣ ಮರುಮಾರಾಟದ ಬೆಲೆಯೊಂದನ್ನೇ ವಸ್ತುವಿನ ಯೋಗ್ಯತೆಯ ಅಳತೆಗೋಲಾಗಿ ಹಿಡಿದರೆ, ಅಥಣಿಯ ಕಾಲ್ಮರಿಗೆ ಶೂನ್ಯವೇ ಅಂಕ. ಮೆಟ್ಟಿ ಸವೆಸಿದ ಮೆಟ್ಟನ್ನು ಯಾರು ಕೊಳ್ಳುತ್ತಾರೆ? ಆದರೆ ೧,೫೦೦ ರೂಪಾಯಿಯ ಜೋಡಿಯನ್ನು ಎರಡು ವರ್ಷ ದಿನವೂ ಮೆಟ್ಟಿದರೆ ದಿನಕ್ಕೆ ಬೀಳುವುದು ಎರಡೇ ರೂಪಾಯಿ. ಹರಿದರೆ ಹೊಲಿಯುವವರು ಊರಿನಲ್ಲಿಯೇ ಇದ್ದಾರೆ.

ಹಾಗಾದರೆ ಏನು ಮಾಡಬೇಕು?

ಬೆಲೆಬಾಳುವ ಚೀಲವನ್ನು ಕೊಳ್ಳಲೇಬಾರದೆಂದು ಈ ಲೇಖನದ ತಾತ್ಪರ್ಯವಲ್ಲ. ಸ್ವಂತ ದುಡಿಮೆಯ ಹಣದಿಂದ ಮೆಚ್ಚಿದ ವಸ್ತುವನ್ನು ಕೊಳ್ಳುವ ಹೆಣ್ಣುಮಗಳಿಗೆ ಉಪದೇಶ ಮಾಡುವ ಅಧಿಕಾರ ಯಾರಿಗೂ ಇಲ್ಲ. ಮಾರುವ ಬೆಲೆಯನ್ನು ವಿಚಾರಿಸುವುದರಲ್ಲಿಯೂ ತಪ್ಪಿಲ್ಲ. ಎರಡು ಚೀಲಗಳಲ್ಲಿ ಯಾವುದು ಗಟ್ಟಿ, ಯಾವುದು ಬರಿಯ ಥಳಕು ಎಂಬುದಕ್ಕೆ ಅದು ಒಂದು ಸೂಚನೆಯಾದೀತು. ಆದರೆ ಅದನ್ನು ಮೊದಲ ಪ್ರಶ್ನೆ ಮಾಡಿಕೊಳ್ಳಬಾರದು. ‘ಒಂದು ಪೈಯೂ ತಿರುಗಿ ಬಾರದಿದ್ದರೂ ಇದನ್ನು ಕೊಳ್ಳುತ್ತಿದ್ದೆನೆ? ಅಂಜಿಕೆಯಿಲ್ಲದೆ ದಿನವೂ ಬಳಸುವೆನೆ?’ — ಇವೆರಡಕ್ಕೂ ಹೌದೆಂಬ ಉತ್ತರ ಬಂದರೆ ಧಾರಾಳವಾಗಿ ಕೊಳ್ಳಬಹುದು. ಆಮೇಲೆ ಬಂದ ಹಣ ಲಾಭವೇ. ಇಲ್ಲವೆಂಬ ಉತ್ತರ ಬಂದರೆ, ‘ಇನ್‌ವೆಸ್ಟ್‌ಮೆಂಟ್’ ಎಂಬ ಮಾತು ಆಸೆಗೆ ಹೊದಿಸಿದ ಶಾಲು ಎಂದು ತಿಳಿಯಬೇಕು. ಆಪತ್ಕಾಲದ ಗಂಟೇ ಬೇಕಾದರೆ ಅದಕ್ಕೆ ಬ್ಯಾಂಕಿದೆ, ಪತ್ತಾರನ ತಕ್ಕಡಿಯಿದೆ.

ನಮ್ಮ ಕಡೆಯಲ್ಲಿ ಇಳಕಲ್ ಸೀರೆ ಹಳತಾದರೆ ಅದನ್ನು ಮಾರುವವರು ವಿರಳ. ಉಟ್ಟು ಮೆತ್ತಗಾದ ಸೀರೆ ಕೌದಿಯ ಪದರವಾಗುತ್ತದೆ. ಮೊಮ್ಮಕ್ಕಳು ಅದರಡಿಯಲ್ಲಿ ಮಲಗುತ್ತಾರೆ. ಸಂತೆಯಲ್ಲಿ ಅದಕ್ಕೆ ಬೆಲೆಯಿಲ್ಲವೆಂದು ಯಾವ ಅಜ್ಜಿಯೂ ಮರುಗಿದ್ದಿಲ್ಲ.

ಕೊನೆಯದಾಗಿ ಒಂದು ವಿಜ್ಞಾಪನೆ. ಲಕ್ಷದ ಚೀಲವನ್ನು ಗಾಜಿನ ಅಂಗಡಿಯಲ್ಲಿ ಒಂದು ರೂಪಾಯಿಯೂ ಚೌಕಾಶಿ ಮಾಡದೆ ಕೊಳ್ಳುವ ನಾವು, ಅಥಣಿಯ ಬಜಾರಿನಲ್ಲಿ ಕಾಲ್ಮರಿಗೆ ನೂರು ರೂಪಾಯಿ ಇಳಿಸೆಂದು ಅರ್ಧ ತಾಸು ನಿಲ್ಲುತ್ತೇವೆ. ತೊಗಲಿನ ಬೆಲೆಯನ್ನು ಅಂಗಡಿಯವನು ಬಿಡಲಾರ. ಹಾಗೆ ಇಳಿಸಿದ ನೂರು ರೂಪಾಯಿ, ಮನೆಯಲ್ಲಿ ಕುಳಿತು ಜಡೆ ಹೆಣೆದವಳ ಮಜೂರಿಯಿಂದಲೇ ಬರಬೇಕಾಗುತ್ತದೆ. ಮುಂದಿನ ಸಲ ಅಲ್ಲಿ ನಿಂತಾಗ ಇಷ್ಟನ್ನು ನೆನೆದರೆ ಸಾಕು.