ಮುದನಾಳದ ಬಿಸಿಲೂ ನಾಯಿಯ ಅಂಗಾಲೂ

ನಾಯಿಯ ಪಂಜವನ್ನು ಬೆಳಕಿಗೆ ತಿರುಗಿಸಿ ನೋಡಿ, ಎಂಥ ಸೃಷ್ಟಿ! ನಾಲ್ಕು ಬೆರಳಿಗೆ ನಾಲ್ಕು ಪುಟ್ಟ ಮೆತ್ತೆ, ನಡುವೆ ದೊಡ್ಡದೊಂದು. ಮುಂಗಾಲಿನ ಮಣಿಕಟ್ಟಿನ ಹಿಂದೆ ಮತ್ತೊಂದು. ಓಡುವ ನಾಯಿ ಗಕ್ಕನೆ ನಿಲ್ಲುವಾಗ ನೆಲಕ್ಕೆ ಒತ್ತುವುದು ಅದೇ. ಯಾದಗಿರಿ ಸೀಮೆಯ ಮುದನಾಳದ ಕಡೆ ಕುರಿಹಿಂಡಿನ ಹಿಂದೆ ಹೊಲ, ಹಳ್ಳ, ಕಲ್ಲುಗುಡ್ಡ ಅಲೆಯುವ ನಾಯಿಗೆ ಇರುವ ಕೆರ ಇದೊಂದೇ.

ಅದರೊಳಗೆ ಏನಿದೆ ಗೊತ್ತೇ? ಜಪಾನಿನ ಹಿರೋಯೋಶಿ ನಿನೋಮಿಯಾ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಣುಕಿ ಕಂಡದ್ದನ್ನು 2011ರಲ್ಲಿ ಪ್ರಕಟಿಸಿದರು. ಬಿಸಿರಕ್ತ ತರುವ ಅಪಧಮನಿಗಳನ್ನು ಅಭಿಧಮನಿಗಳ ಜಾಲ ಸುತ್ತುವರಿದಿದೆ. ನೆಲ ತಾಗಿ ತಣ್ಣಗಾದ ರಕ್ತ ಈ ಜಾಲದಲ್ಲೇ ಬೆಚ್ಚಗಾಗಿ ಮೈಗೆ ಮರಳುತ್ತದೆ! ನಾಯಿ ಹಿಮದ ಮೇಲೆ ನಿಂತರೂ ಮೈ ಕಾವು ಕಳೆದುಕೊಳ್ಳದಿರುವ ಗುಟ್ಟು ಇದು. ಇನ್ನು ಬೆವರು: ಮೈತುಂಬ ಕೂದಲು ಹೊತ್ತ ಈ ಪ್ರಾಣಿ ಬೆವರುವುದು ಮುಖ್ಯವಾಗಿ ಅಂಗಾಲಿನಲ್ಲಿ. ಹೆದರಿದ ನಾಯಿ ಪಶು ಆಸ್ಪತ್ರೆಯ ಮೇಜಿನ ಮೇಲೆ ಒದ್ದೆ ಹೆಜ್ಜೆ ಮೂಡಿಸುವುದನ್ನು ಗಮನಿಸಿದ್ದೀರಾ? ಅದೇ!

ಚಳಿಯನ್ನು ಗೆಲ್ಲುವ ಈ ಅಂಗಾಲು ನಮ್ಮ ಬಿಸಿಲಿಗೆ ಮಾತ್ರ ಸೋಲುತ್ತದೆ. ಗಾಳಿ 30 ಡಿಗ್ರಿ ಇರುವಾಗಲೇ ಬಿಸಿಲಿನ ಡಾಂಬರು 55 ಡಿಗ್ರಿ ದಾಟಬಲ್ಲದು. ಇಲ್ಲಿ ಮೇ ತಿಂಗಳಲ್ಲಿ ಗಾಳಿಯೇ 40 ದಾಟುತ್ತದಲ್ಲ! ಅಂಗೈಯ ಹಿಂಬದಿಯನ್ನು 7 ಸೆಕೆಂಡು ರಸ್ತೆಗೆ ಒತ್ತಿ ನೋಡಿ. ನಿಮಗೆ ತಾಳದಿದ್ದರೆ ನಾಯಿಗೂ ತಾಳದು. ಬಿಸಿಲೇರುವ ಮುನ್ನ ತಿರುಗಾಡಿಸಿ, ಆಮೇಲೆ ನೆರಳಿನ ಮಣ್ಣುದಾರಿ ಹಿಡಿಯಿರಿ. ಸುಟ್ಟರೆ ತಣ್ಣೀರು ಹರಿಸಿ, ಪಶುವೈದ್ಯರಿಗೆ ತೋರಿಸಿ. ಮನೆಯ ಮುಲಾಮು ಬೇಡವೇ ಬೇಡ, ನಾಯಿ ನೆಕ್ಕಿಬಿಡುತ್ತದೆ.

ಮಳೆ ಬಿದ್ದರೆ ಸಂಕಟವೇ ಬೇರೆ. ಎರೆಮಣ್ಣು ಬೆರಳ ಸಂದಿಗೆ ಮೆತ್ತಿ, ಒಣಗಿ ಕಲ್ಲಾಗಿ, ಕೂದಲನ್ನು ಜಗ್ಗುತ್ತದೆ. ಕಿತ್ತೆಳೆಯಬಾರದು, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಕರಗಿಸಿ, ಸಂದಿಸಂದಿಯನ್ನೂ ಒರೆಸಿ ಒಣಗಿಸಬೇಕು. ಹಾಗೆ ಒರೆಸುವಾಗ ಬೆರಳು ಬಿಡಿಸಿ ನೋಡಿದರೆ ಅಡಗಿ ಕೂತ ಉಣ್ಣಿ, ನೆಗ್ಗಿಲಮುಳ್ಳು, ಜಾಲಿಮುಳ್ಳಿನ ಮುರಿದ ತುದಿ ಸಿಕ್ಕಾವು. ಕುಂಟದ ನಾಯಿಯೂ ಒಂದೇ ಪಂಜವನ್ನು ಮತ್ತೆ ಮತ್ತೆ ನೆಕ್ಕುತ್ತಿದ್ದರೆ ಅಲ್ಲೇ ಹುಡುಕಿ.

ಉಗುರಿನೊಳಗೂ ರಕ್ತನಾಳ ಹರಿಯುತ್ತದೆ! ಬಿಳಿ ಉಗುರಿನಲ್ಲಿ ಅದು ಗುಲಾಬಿ ಗೆರೆಯಾಗಿ ಕಾಣುತ್ತದೆ, ಕರಿ ಉಗುರಿನಲ್ಲಿ ಕಾಣದು. ಆದ್ದರಿಂದ ತುದಿಯನ್ನಷ್ಟೇ ಚೂರುಚೂರೇ ಕತ್ತರಿಸಬೇಕು. ಅಲೆಯುವ ನಾಯಿಯ ಉಗುರು ತಾನೇ ಸವೆಯುತ್ತದೆ ನಿಜ, ಆದರೆ ಮುಂಗಾಲಿನ ಒಳಮಗ್ಗುಲಿಗೆ ಮೇಲಿರುವ ಐದನೆಯ ಉಗುರು ನಡೆಯುವಾಗ ನೆಲ ಮುಟ್ಟುವುದಿಲ್ಲ. ಕಣ್ತಪ್ಪಿದರೆ ಸುರುಳಿ ಸುತ್ತಿ ಮಾಂಸಕ್ಕೇ ನೆಟ್ಟೀತು. ಮೊದಲು ಅದನ್ನು ನೋಡಿ.