ಸರ್ಗೋಧದಿಂದ ಮರಳದ ಕೊಡಗಿನ ದೇವಯ್ಯ

2025ರ ಜನವರಿಯಲ್ಲಿ ‘ಸ್ಕೈ ಫೋರ್ಸ್’ ಸಿನಿಮಾ ಬಂದಾಗ ಪುಣೆಯ ನಮ್ಮ ಆಫೀಸಿನಲ್ಲೂ ಅದರದೇ ಮಾತು. ‘ಆ ಪೈಲಟ್ ನಮ್ಮ ಕೊಡಗಿನವರು’ ಎಂದೆ. ಊಟಕ್ಕೆ ಕೂತವರು ನಂಬಲಿಲ್ಲ. ಅವರದೇನೂ ತಪ್ಪಿಲ್ಲ, ಚಿತ್ರದಲ್ಲಿ ಅವರಿಗೆ ಇಟ್ಟ ಹೆಸರೇ ಬೇರೆ.

ನಿಜವಾದ ಹೆಸರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ವಾಯುಪಡೆ ಸೇರಿದರು. 1965ರ ಯುದ್ಧ ಶುರುವಾದಾಗ ಅವರು ಹೊಸಬರಿಗೆ ವಿಮಾನ ಹಾರಿಸಲು ಕಲಿಸುವ ಮೇಷ್ಟ್ರು. ಅಲ್ಲಿಂದ ನಂಬರ್ 1 ಸ್ಕ್ವಾಡ್ರನ್‌ಗೆ ಕಳುಹಿಸಿದರು.

ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಂಗ್ ಕಮಾಂಡರ್ ಓ.ಪಿ. ತನೇಜಾ ನೇತೃತ್ವದ ಮಿಸ್ಟೇರ್ ವಿಮಾನಗಳು ಪಂಜಾಬಿನ ಆದಂಪುರದಿಂದ ಪಾಕಿಸ್ತಾನದ ಸರ್ಗೋಧ ವಾಯುನೆಲೆಯತ್ತ ಹಾರಿದವು. ದೇವಯ್ಯ ಮೀಸಲು ಪೈಲಟ್. ಯಾರದಾದರೂ ವಿಮಾನ ಕೈಕೊಟ್ಟರೆ ಮಾತ್ರ ಅವರ ಸರದಿ. ಆದರೂ ಅವರು ತಂಡ ಸೇರಿಕೊಂಡರು.

ದಾಳಿ ಮುಗಿಸಿ ಮರಳುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ಬೆನ್ನು ಹತ್ತಿತು. ಅದು ಶಬ್ದಕ್ಕಿಂತ ಎರಡು ಪಟ್ಟು ವೇಗದ ಅಮೆರಿಕನ್ ವಿಮಾನ. ಫ್ರಾನ್ಸಿನ ಮಿಸ್ಟೇರ್‌ಗೆ ಆ ವೇಗ ಎಲ್ಲಿಂದ ಬರಬೇಕು? ಪೆಟ್ಟು ತಿಂದರೂ ದೇವಯ್ಯ ಓಡಲಿಲ್ಲ, ತಿರುಗಿಬಿದ್ದು ಅದನ್ನು ಹೊಡೆದುರುಳಿಸಿದರು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡರು. 32 ವರ್ಷದ ದೇವಯ್ಯ ಮರಳಲಿಲ್ಲ.

ಜೊತೆಗಿದ್ದವರು ಯಾರೂ ಆ ಕಾಳಗ ಕಂಡಿರಲಿಲ್ಲ. ಹಾಗಾಗಿ ಕಡತದಲ್ಲಿ ಉಳಿದದ್ದು ‘ಕಾಣೆಯಾದವರು’ ಎಂಬ ಮಾತಷ್ಟೇ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಯುದ್ಧದ ಬಗ್ಗೆ ಪುಸ್ತಕ ಬರೆದರು. ಅಂದು ಸ್ಟಾರ್‌ಫೈಟರನ್ನು ಉರುಳಿಸಿದ್ದು ಒಂದು ಮಿಸ್ಟೇರ್ ಎಂದು ತಿಳಿದದ್ದು ಆಗ. ತನೇಜಾ ತಂಡದಲ್ಲಿ ಮರಳದಿದ್ದವರು ಒಬ್ಬರೇ. ಹೊಡೆದವರು ಯಾರೆಂದು ಬೇರೆ ಹೇಳಬೇಕೆ? ನಿವೃತ್ತರಾಗಿದ್ದ ತನೇಜಾ ಸುಮ್ಮನಿರದೆ ಸರ್ಕಾರಕ್ಕೆ ಪತ್ರ ಬರೆದರು. 1988ರಲ್ಲಿ, ಅಂದರೆ 23 ವರ್ಷಗಳ ನಂತರ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು.

ಎದುರಾಳಿ ದೇಶದ ಕಥೆಯಲ್ಲಿ ನಮ್ಮವರ ಸಾಹಸ ಸಿಕ್ಕಿತು. ನಮ್ಮದೇ ಸಿನಿಮಾದಲ್ಲಿ ಅವರ ಹೆಸರು ಸಿಗಲಿಲ್ಲ. ಮಡಿಕೇರಿಯಲ್ಲಿ ಮಾತ್ರ ಅವರ ಹೆಸರಿನ ವೃತ್ತವಿದೆ, ಪ್ರತಿಮೆಯೂ ಇದೆ. ರಜೆಗೆ ಕೊಡಗಿಗೆ ಹೋಗುವ ಸಹೋದ್ಯೋಗಿಗಳು ಅಬ್ಬಿ ಜಲಪಾತ, ರಾಜಾಸೀಟು ಎಲ್ಲಿದೆ ಎಂದು ನಮ್ಮನ್ನೇ ಕೇಳುತ್ತಾರಲ್ಲ, ಜೊತೆಗೆ ಈ ವೃತ್ತದ ದಾರಿಯನ್ನೂ ಹೇಳಿ. ಹೆಸರನ್ನು ಪೂರ್ತಿ ಹೇಳಿ: ಅಜ್ಜಮಾಡ ಬೋಪಯ್ಯ ದೇವಯ್ಯ.